ಮನೆಯಲ್ಲಿ ಯಾರನ್ನು ನೋಡಿಕೊಳ್ಳುತ್ತೀರಿ?

ನನ್ನ ತಂಗಿಯ ಮೊಮ್ಮಗಳು ಬಿ.ಎ. ಅಂತಿಮ ವರ್ಷದಲ್ಲಿ ಓದುತ್ತಿದ್ದಾಳೆ. ಸಮಾಜಶಾಸ್ತ್ರ ಅವಳ ವಿಷಯ. ಅವಳ ಹಳ್ಳಿಗೆ ಬಸ್ಸಿನ ಅನುಕೂಲ ಕಡಿಮೆಯಾದ್ದರಿಂದ ಎರಡು ವರ್ಷಗಳಿಂದ ಚಿಂತಾಮಣಿಯ ನಮ್ಮ ಮನೆಯಲ್ಲಿಯೇ ಇದ್ದಾಳೆ. ಕಳೆದ ತಿಂಗಳು ಒಂದು ಸಂಜೆ ನಾಲ್ಕು ಪುಟಗಳ ಪ್ರಶ್ನಾವಳಿಯೊಂದನ್ನು ತಂದು ನನ್ನ ಮುಂದಿಟ್ಟು, “ತಾತ, ಇದರಲ್ಲಿ ಕನ್ನಡ ಸರಿಯಾಗಿದೆಯಾ ಸ್ವಲ್ಪ ನೋಡ್ತೀರಾ?” ಎಂದು ಕೇಳಿದಳು. ಮನೆಯಲ್ಲಿ ಕಾಯಿಲೆಯವರನ್ನೋ ವೃದ್ಧರನ್ನೋ ಅಂಗವಿಕಲರನ್ನೋ ನೋಡಿಕೊಳ್ಳುತ್ತ ಕಾಲೇಜಿಗೆ ಬರುವ ವಿದ್ಯಾರ್ಥಿಗಳ ಕಷ್ಟಗಳೇನು ಎಂಬುದು ಅವರ ಕಿರುಸಂಶೋಧನೆಯ ವಸ್ತು. ನಾಲ್ವರು ಗೆಳತಿಯರು ಸೇರಿ ಒಬ್ಬೊಬ್ಬರು ಒಂದೊಂದು ತಾಲ್ಲೂಕನ್ನು ಹಂಚಿಕೊಂಡಿದ್ದರು: ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ ಮತ್ತು ನಮ್ಮ ಚಿಂತಾಮಣಿ.

ನಾನು ಕಲಿಸಿದ್ದು ಗಣಿತವೇ ಹೊರತು ಕನ್ನಡವಲ್ಲ. ಆದರೂ ಕೆಂಪು ಶಾಯಿಯ ಪೆನ್ನು ಕೈಗೆ ಬಂದೊಡನೆ ಹಳೆಯ ಹುಮ್ಮಸ್ಸು ಮರಳಿತೆಂದು ಒಪ್ಪಿಕೊಳ್ಳಬೇಕು. ಮೊದಲನೆಯ ಪ್ರಶ್ನೆ ಹೀಗಿತ್ತು: “ನೀವು ನಿಮ್ಮ ಕುಟುಂಬದ ಯಾವುದೇ ಸದಸ್ಯರ ಪ್ರಾಥಮಿಕ ಆರೈಕೆದಾರರೇ? ಹೌದು / ಇಲ್ಲ.” ಉತ್ತರ ‘ಇಲ್ಲ’ ಎಂದಾದರೆ ಉಳಿದ ಪ್ರಶ್ನೆಗಳಿಗೆ ಉತ್ತರಿಸಬೇಕಾಗಿಲ್ಲ ಎಂದು ಕೆಳಗೆ ಸೂಚನೆಯಿತ್ತು. ಪ್ರಶ್ನೆ ಇಂಗ್ಲಿಷಿನಿಂದ ಬಂದದ್ದೆಂದು ಓದಿದಾಕ್ಷಣವೇ ತಿಳಿಯುತ್ತಿತ್ತು. “ಮೊದಲು ನೀನೇ ಇದನ್ನು ತುಂಬಿಸಿ ಕೊಡು, ಆಮೇಲೆ ತಿದ್ದುತ್ತೇನೆ” ಎಂದೆ. ಒಂದು ನಿಮಿಷವೂ ಹಿಡಿಯಲಿಲ್ಲ, ಹಿಂದಕ್ಕೆ ಕೊಟ್ಟಳು. ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದ್ದಳು.

ಅಷ್ಟರಲ್ಲಿ ಒಳಕೋಣೆಯಿಂದ ನನ್ನ ಹೆಂಡತಿ “ಮಗಾ” ಎಂದು ಕರೆದಳು. ಹುಡುಗಿ ಎದ್ದು ಹೋದಳು.

ಹತ್ತಿರದ ಬಂಧುಗಳಿಗೆ ಗೊತ್ತಿರುವ ಸಂಗತಿಯೇ ಇದು. ಕಳೆದ ಆಷಾಢದಲ್ಲಿ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆ ಆಯಿತು, ಆದರೆ ನಡಿಗೆ ಮೊದಲಿನಂತಾಗಲಿಲ್ಲ. ಮಕ್ಕಳು ದೂರದಲ್ಲಿದ್ದಾರೆ, ಹಣ ಕಳಿಸುತ್ತಾರೆ, ದಿನಕ್ಕೆರಡು ಸಲ ಫೋನು ಮಾಡುತ್ತಾರೆ. ಆದರೆ ಬೆಳಗಿನ ಸ್ನಾನ, ಬಟ್ಟೆ, ಔಷಧಿ, ರಾತ್ರಿ ಎರಡು ಗಂಟೆಗೆ ಶೌಚಾಲಯಕ್ಕೆ ಕೈಹಿಡಿದು ಕರೆದುಕೊಂಡು ಹೋಗುವುದು, ಇವೆಲ್ಲವನ್ನೂ ಒಂದು ವರ್ಷದಿಂದ ಮಾಡುತ್ತಿರುವವಳು ಈ ಹುಡುಗಿ. ಆರೈಕೆಯ ಬಗ್ಗೆ ಸಂಶೋಧನೆ ಮಾಡಹೊರಟವಳೇ ತನ್ನನ್ನು ಆರೈಕೆ ಮಾಡುವವಳೆಂದು ಎಣಿಸಿಕೊಂಡಿರಲಿಲ್ಲ. ಹಿಂದಿರುಗಿ ಬಂದಾಗ ಕೇಳಿದೆ. “ಅಜ್ಜೀನ ನೋಡ್ಕೊಳ್ಳೋದಕ್ಕೆ ಅಷ್ಟು ದೊಡ್ಡ ಹೆಸರು ಯಾಕೆ ತಾತ?” ಎಂದಳು.

ಆ ಮಾತು ನನ್ನ ನಿದ್ದೆ ಕೆಡಿಸಿತು. ಅದಕ್ಕೆ ಅವಳ ಉತ್ತರವೊಂದೇ ಕಾರಣವಲ್ಲ. ಇನ್ನೊಂದು ಹಳೆಯ ಕಾರಣವಿದೆ.

1983ರಲ್ಲಿ ನಾನು ಶಿಡ್ಲಘಟ್ಟದ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಗೆ ನಾನೇ ತರಗತಿ ಶಿಕ್ಷಕ. ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವವರ ಮನೆಯ ಒಬ್ಬ ಹುಡುಗಿ, ಲೆಕ್ಕದಲ್ಲಿ ಚುರುಕಾದವಳು, ಮೂರು ವಾರಕ್ಕೂ ಹೆಚ್ಚು ಕಾಲ ಬರಲೇ ಇಲ್ಲ. ನಾನು ನಿಯಮದಂತೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದೆ. ಒಂದು ದಿನ ಬಂದು ಬಾಗಿಲಲ್ಲಿ ನಿಂತಳು. “ನಿಮ್ಮ ಅಪ್ಪನ್ನ ಕರ್ಕೊಂಡು ಬಾ, ಆಮೇಲೆ ಒಳಗೆ ಬಾ” ಎಂದೆ. “ಅಪ್ಪ ಬರೋಕಾಗಲ್ಲ ಸಾರ್” ಎಂದಳು. ನಲವತ್ತು ಮಕ್ಕಳ ಮುಂದೆ ನಾನು ನಕ್ಕೆ. “ಯಾಕೆ, ಮೈಸೂರು ಮಹಾರಾಜರೋ?” ಎಂದು ಕೇಳಿದೆ. ತರಗತಿಯೂ ನಕ್ಕಿತು. ಹುಡುಗಿ ಹೊರಟುಹೋದಳು. ಮತ್ತೆ ಬರಲಿಲ್ಲ.

2011ರಲ್ಲಿ, ನಾನು ನಿವೃತ್ತನಾಗಿ ಏಳು ವರ್ಷವಾದ ಮೇಲೆ, ಕೈವಾರದಲ್ಲಿ ಒಬ್ಬ ಹೆಂಗಸು ನನ್ನ ಕಾಲಿಗೆ ನಮಸ್ಕರಿಸಿ “ಗುರುತು ಸಿಕ್ತಾ ಸಾರ್?” ಎಂದಳು. ಸಿಗಲಿಲ್ಲ. ಅವಳೇ ಹೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾದದ್ದು. “ಅಪ್ಪನಿಗೆ ಲಕ್ವ ಹೊಡೆದಿತ್ತು ಸಾರ್. ಎದ್ದು ಕೂರೋಕೂ ಆಗ್ತಿರಲಿಲ್ಲ. ಅಮ್ಮ ಬಿಚ್ಚಾಣಿಕೆಗೆ ಹೋಗ್ತಿದ್ಲು, ನಾನೇ ನೋಡ್ಕೋತಿದ್ದೆ. ನೀವು ಅಪ್ಪನ್ನ ಕರ್ಕೊಂಡು ಬಾ ಅಂದ್ರಿ.” ಜೊತೆಗಿದ್ದ ಮಗಳನ್ನು ತೋರಿಸಿ, “ಇವಳು ಪಿಯುಸಿ ಓದ್ತಾ ಇದಾಳೆ, ಆಶೀರ್ವಾದ ಮಾಡಿ” ಎಂದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಇದುವರೆಗೆ ಈ ಸಂಗತಿಯನ್ನು ಎಲ್ಲಿಯೂ ಬರೆದಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಾಲೇಜಿನ ಮಕ್ಕಳು ಮಾಡುವ ಸಂಶೋಧನೆ ಎಂದರೆ ಅಂಕಕ್ಕಾಗಿ ಮಾಡುವ ನಕಲು ಎಂಬ ತಾತ್ಸಾರ ನಮ್ಮಲ್ಲಿ ಅನೇಕರಿಗಿದೆ. ನನಗೂ ಇತ್ತು. ಆದರೆ ಈ ವಿಷಯದಲ್ಲಿ ಪದವಿ ತರಗತಿಯ ಮಕ್ಕಳೇ ಸರಿಯಾದ ಸಂಶೋಧಕರು ಎಂದು ನನ್ನ ದೃಢವಾದ ಅಭಿಪ್ರಾಯ. ಬೆಂಗಳೂರಿನಿಂದ ಕಾರಿನಲ್ಲಿ ಬಂದಿಳಿದ ಪ್ರಾಧ್ಯಾಪಕರೊಬ್ಬರು “ನಿಮ್ಮ ತಾಯಿಯ ಮಲಮೂತ್ರ ಯಾರು ತೆಗೆಯುತ್ತಾರೆ?” ಎಂದು ಕೇಳಿದರೆ ಯಾವ ಮಗು ತಾನೇ ಹೇಳೀತು? ಪಕ್ಕದ ಬೆಂಚಿನ ಗೆಳತಿ, ಅದೇ ಬಸ್ಸಿನಲ್ಲಿ ಬರುವವಳು, ಕೇಳಬೇಕಾಗಿಯೇ ಇಲ್ಲ. ಅವಳಿಗೆ ಅರ್ಧ ಗೊತ್ತಿರುತ್ತದೆ.

ಆದರೆ ಕೇಳುವ ರೀತಿ ಸರಿಯಿರಬೇಕು. ‘ಆರೈಕೆದಾರ’ ಎಂಬುದು ಆಸ್ಪತ್ರೆಯ ಫಲಕದ ಮೇಲಿನ ಪದ. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಯೊಳಗೆ ತೆಲುಗು ಆಡುವವರು ಎಷ್ಟು ಜನರೆಂದು ನಿಮಗೆ ಹೇಳಬೇಕಾಗಿಲ್ಲ. ಶಿಡ್ಲಘಟ್ಟದ ಬಿಚ್ಚಾಣಿಕೆಯ ಕೇರಿಗಳಲ್ಲಿ ಉರ್ದು ಇದೆ. ಕನ್ನಡದಲ್ಲಿ ನಾವು ‘ನೋಡಿಕೊಳ್ಳುವುದು’ ಎನ್ನುತ್ತೇವೆ. ತೆಲುಗಿನವರು ‘ಚೂಸುಕೋವಡಂ’ ಎನ್ನುತ್ತಾರೆ. ಉರ್ದುವಿನಲ್ಲಿ ‘ದೇಖ್‌ಭಾಲ್’. ಮೂರರಲ್ಲಿಯೂ ಇರುವುದು ಕಣ್ಣಿನ ಕೆಲಸವೇ. ಈ ಮಾತು ಬಿಟ್ಟು ‘ಪ್ರಾಥಮಿಕ ಆರೈಕೆದಾರ’ ಎಂದು ಕೇಳಿದರೆ ಬರುವ ಉತ್ತರ ‘ಇಲ್ಲ’ ಎಂಬುದೇ. ಆ ‘ಇಲ್ಲ’ಗಳನ್ನು ಕೂಡಿಸಿ, ನಮ್ಮ ಜಿಲ್ಲೆಯಲ್ಲಿ ಇಂಥ ವಿದ್ಯಾರ್ಥಿಗಳು ವಿರಳ ಎಂದು ವರದಿ ಬರೆದರೆ ಅದು ಸುಳ್ಳಾಗುತ್ತದೆ. ಬರೆದವರು ಪ್ರಾಮಾಣಿಕರಾಗಿದ್ದರೂ ಸುಳ್ಳಾಗುತ್ತದೆ.

ನಾನು ಪ್ರಶ್ನೆಗಳನ್ನು ಹೀಗೆ ಬದಲಿಸಲು ಹೇಳಿದೆ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಕಾಲೇಜಿಗೆ ಹೊರಡುವವರೆಗೆ ಏನೇನು ಮಾಡಿದಿರಿ? ಮನೆಯಲ್ಲಿ ಒಬ್ಬರೇ ಇರಲಾರದವರು ಯಾರಾದರೂ ಇದ್ದಾರೆಯೇ? ನೀವು ಬಂದಿರುವಾಗ ಅವರ ಹತ್ತಿರ ಯಾರಿರುತ್ತಾರೆ? ರಾತ್ರಿ ಎಷ್ಟು ಸಲ ಏಳುತ್ತೀರಿ? ಹಿಂದಿನ ಪರೀಕ್ಷೆಯ ದಿನ ಮನೆಯಲ್ಲಿ ಯಾರಿದ್ದರು? ಇವುಗಳಿಗೆ ಹೌದು, ಇಲ್ಲ ಎಂಬ ಎರಡು ಚೌಕಗಳು ಸಾಲವು. ಎರಡೆರಡು ಸಾಲು ಜಾಗ ಬಿಡಬೇಕು. ಕಾಗದ ಹೆಚ್ಚು ಖರ್ಚಾಗುತ್ತದೆ ಎಂದಳು. ಕಾಗದ ನಾನು ಕೊಡಿಸುತ್ತೇನೆ ಎಂದೆ.

ಇನ್ನೊಂದು ತಪ್ಪು ಗಣಿತದ್ದು. ಹುಡುಗಿಯರು ಪ್ರಶ್ನಾವಳಿಯನ್ನು ತರಗತಿಯಲ್ಲಿ ಹಂಚಲು ಯೋಚಿಸಿದ್ದರು. ಮನೆಯ ಹೊರೆ ಹೆಚ್ಚಿರುವ ಮಕ್ಕಳು ಆ ದಿನ ತರಗತಿಗೆ ಬಂದಿರುತ್ತಾರೆಯೇ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞರು ಅಮೆರಿಕದ ಸೇನೆಗಾಗಿ ಯುದ್ಧವಿಮಾನಗಳ ಮೇಲೆ ಬಿದ್ದ ಗುಂಡುಗಳ ಲೆಕ್ಕ ಮಾಡಿದ್ದರು. ಹಿಂದಿರುಗಿ ಬಂದ ವಿಮಾನಗಳಲ್ಲಿ ಗುಂಡು ತಗಲಿದ ಜಾಗ ನೋಡಿ ಅಲ್ಲಿಗೆ ರಕ್ಷಾಕವಚ ಹಾಕುವುದು ಸಹಜವಾಗಿ ತೋರುತ್ತದೆ. ಆದರೆ ಲೆಕ್ಕಕ್ಕೆ ಸಿಗಬೇಕಾದವು ಹಿಂದಿರುಗದ ವಿಮಾನಗಳು, ಅವುಗಳಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. (ಈ ವಾಲ್ಡ್ ಮಹಾಶಯರು ಉಪನ್ಯಾಸಗಳಿಗೆಂದು ಭಾರತಕ್ಕೆ ಬಂದಿದ್ದಾಗ 1950ರ ಡಿಸೆಂಬರಿನಲ್ಲಿ ನೀಲಗಿರಿಯಲ್ಲಿ ವಿಮಾನ ಅಪಘಾತದಲ್ಲಿಯೇ ತೀರಿಕೊಂಡರು. ಹತ್ತನೆಯ ತರಗತಿಯವರಿಗೆ ಈ ಕಥೆ ಹೇಳುತ್ತಿದ್ದೆ, ಕೆಲವರಿಗೆ ನೆನಪಿರಬಹುದು.) ಆದ್ದರಿಂದ ಮೊದಲು ಹಾಜರಿ ಕಡಿಮೆಯಿರುವವರ ಪಟ್ಟಿ, ಆಮೇಲೆ ಎರಡನೆಯ ಸೆಮಿಸ್ಟರಿನ ನಂತರ ಕಾಣದಾದವರ ಪಟ್ಟಿ ಹಿಡಿದುಕೊಂಡು ಹುಡುಕಿ ಎಂದೆ. ತರಗತಿಯಲ್ಲಿ ಕೂತವರನ್ನು ಕೊನೆಗೆ ಕೇಳಿದರಾಯಿತು.

ಆ ಹಾಜರಿಯ ಲೆಕ್ಕವನ್ನೇ ನೋಡಿ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಸೆಮಿಸ್ಟರಿಗೆ 16 ವಾರ, ವಾರಕ್ಕೆ 6 ದಿನ ಎಂದಿಟ್ಟುಕೊಂಡರೆ 96 ದಿನ. ತಪ್ಪಿಸಿಕೊಳ್ಳಬಹುದಾದದ್ದು 24 ದಿನ. ತಂದೆಗೆ ಮೂತ್ರಪಿಂಡದ ಕಾಯಿಲೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಎಂದಿಟ್ಟುಕೊಳ್ಳಿ. ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ಹೋಗಿ ಬರುವ ಹೊತ್ತು ಬೇರೆ, ಮುಗಿದ ಮೇಲೆ ಒಬ್ಬರು ತೋಳು ಹಿಡಿದು ಕರೆತರಬೇಕು. ಜೊತೆಗೆ ಹೋಗುವ ಮಗನಿಗೆ 32 ದಿನ ಹೋಯಿತು. ಉಳಿದದ್ದು 64, ಅಂದರೆ ಶೇ. 66.67. ಅವನಿಗೆ ಒಂದು ದಿನವೂ ಜ್ವರ ಬರದಿದ್ದರೂ, ಒಂದು ಸಿನಿಮಾ ನೋಡದಿದ್ದರೂ ಅವನು ಅನುತ್ತೀರ್ಣ. ವಾರಕ್ಕೆ ಮೂರು ಸಲವಾದರೆ ಸರಿಯಾಗಿ ಅರ್ಧ. ಇದರಲ್ಲಿ ಸೋಮಾರಿತನ ಎಲ್ಲಿ ಬಂತು? ಇದು ಭಾಗಾಕಾರ.

ಶಿಡ್ಲಘಟ್ಟದ ಕಡೆಯ ಲೆಕ್ಕ ಬೇರೆ ತೆರನಾದದ್ದು. ಚಾಕಿ ಹುಳು ತಂದಾಗಿನಿಂದ ಗೂಡು ಕಟ್ಟುವವರೆಗೆ ಸುಮಾರು ಮೂರು ವಾರ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ತಿನ್ನುವ ಸೊಪ್ಪು ಇಡೀ ಬೆಳೆಯ ಸೊಪ್ಪಿನ ಮುಕ್ಕಾಲಿಗಿಂತ ಹೆಚ್ಚು. ಆ ಒಂದು ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನವಂತೂ ಹುಳು ಯಾರಿಗಾಗಿಯೂ ಕಾಯುವುದಿಲ್ಲ. ಅಂಥ ಮನೆಯಲ್ಲಿ ತಾಯಿ ಮಲಗಿಬಿಟ್ಟರೆ ಮಗಳ ಪಾಲಿಗೆ ಎರಡು ಕೆಲಸ ಬರುತ್ತವೆ. ತಾಯಿಯನ್ನು ನೋಡಿಕೊಳ್ಳುವುದು ಒಂದು, ತಾಯಿ ಮಾಡುತ್ತಿದ್ದ ಕೆಲಸವೆಲ್ಲ ಇನ್ನೊಂದು. ಎರಡನೆಯದನ್ನು ಯಾವ ಪ್ರಶ್ನಾವಳಿಯೂ ಕೇಳುವುದಿಲ್ಲ.

ಗೌರಿಬಿದನೂರಿನ ಕಡೆ ನೀರು. ಅಲ್ಲಿ ಸೇವೆಯಲ್ಲಿದ್ದಾಗ ಮಕ್ಕಳ ಹಲ್ಲಿನ ಕಂದು ಪಟ್ಟಿಗಳನ್ನು ನೋಡಿ ಸರಿಯಾಗಿ ಉಜ್ಜುವುದಿಲ್ಲವೆಂದು ಗದರಿಸುತ್ತಿದ್ದೆ. ಅದು ಫ್ಲೋರೈಡ್ ಎಂದು ತಿಳಿದದ್ದು ಆಮೇಲೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲವಾದರೆ 1.5ರವರೆಗೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಉತ್ತರ ಪಿನಾಕಿನಿ ಹೆಸರಿಗೆ ನದಿ. ಕೆರೆಗಳು ಒಣಗಿದ ಹಾಗೆಲ್ಲ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದವು, ಕಲ್ಲಿನೊಳಗಿನ ಫ್ಲೋರೈಡು ನೀರಿನಲ್ಲಿ ಮೇಲೆ ಬಂತು. ಹಲವು ವರ್ಷ ಅದನ್ನೇ ಕುಡಿದವರ ಮೂಳೆ, ಕೀಲುಗಳು ಬಿಗಿದುಕೊಳ್ಳುತ್ತವೆ, ಬೆನ್ನು ಬಾಗುತ್ತದೆ. ಈಗ ಊರೂರಿಗೆ ಶುದ್ಧ ನೀರಿನ ಘಟಕಗಳಿವೆ, ಒಳ್ಳೆಯದೇ. ಆದರೆ ಬಾಗಿದ ಬೆನ್ನು ಶುದ್ಧ ನೀರಿನಿಂದ ನೆಟ್ಟಗಾಗುವುದಿಲ್ಲ, ಆ ಇಪ್ಪತ್ತು ಲೀಟರಿನ ಕ್ಯಾನನ್ನು ಬಾಗಿದ ಬೆನ್ನಿನವರು ಹೊತ್ತು ತರಲೂ ಆಗುವುದಿಲ್ಲ. ಐವತ್ತು ತುಂಬುವ ಮುನ್ನವೇ ಮುದುಕರಾದ ತಂದೆತಾಯಿಯರಿಗೆ ಇಪ್ಪತ್ತರ ಮಕ್ಕಳು ಇರುವುದು ಇಂಥ ಊರುಗಳಲ್ಲಿ.

ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ಗಂಡಸರಲ್ಲಿ ಶೇ. 21.4. ತೊಡಗಿದವರು ದಿನಕ್ಕೆ ವ್ಯಯಿಸಿದ ಹೊತ್ತು ಹೆಂಗಸರದು ಸುಮಾರು 140 ನಿಮಿಷ, ಗಂಡಸರದು 74. ಇದರಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೂ ಸೇರಿದೆ, ಅಡುಗೆ, ಪಾತ್ರೆ, ಬಟ್ಟೆ ಸೇರಿಲ್ಲ. ಗಂಡು ಹುಡುಗ ತಾಯಿಗೆ ಸ್ನಾನ ಮಾಡಿಸಿದರೆ ಊರು ಅವನನ್ನು ಶ್ರವಣಕುಮಾರ ಎನ್ನುತ್ತದೆ. ಹುಡುಗಿ ಮಾಡಿದರೆ ಅದಕ್ಕೆ ಮನೆಗೆಲಸ ಎಂದು ಹೆಸರು.

ಶ್ರವಣಕುಮಾರನ ಮಾತು ಬಂದದ್ದರಿಂದ ಹೇಳುತ್ತೇನೆ. ಅವನ ಪಾಠವನ್ನು ನಾವು ಎಷ್ಟು ತಲೆಮಾರಿಗೆ ಕಲಿಸಿದೆವು! ಕಾವಡಿಯ ಎರಡು ಬುಟ್ಟಿಗಳ ಚಿತ್ರವನ್ನು ಗೋಡೆಗೂ ಅಂಟಿಸಿದೆವು. ಆದರೆ ಆ ಕಾವಡಿ ಹೊತ್ತ ಹುಡುಗ ಬೆಳಗಿನ ಪ್ರಾರ್ಥನೆಗೆ ಹತ್ತು ನಿಮಿಷ ತಡವಾಗಿ ಬಂದಾಗ ಹೊರಗೆ ನಿಲ್ಲಿಸಿದೆವು. ನಮ್ಮ ಜಿಲ್ಲೆಯ ಆದರ್ಶಪುರುಷರ ಕಥೆಗಳನ್ನೂ ನೋಡಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿಗೆ ಹೋಗಿ ಮನೆಪಾಠ ಹೇಳುತ್ತ ಓದಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದಿಗಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಇಬ್ಬರಿಗೂ ನನ್ನ ನಮಸ್ಕಾರವಿದೆ. ಎಚ್ಚೆನ್ ಅವರಂತೂ ತಮ್ಮ ಹುಟ್ಟೂರಿನ ಕಡೆಯ ಬಡಮಕ್ಕಳಿಗಾಗಿ ಶಾಲೆ ಕಾಲೇಜು ಕಟ್ಟಿದವರು. ಆದರೆ ನಾವು ಮಕ್ಕಳಿಗೆ ಹೇಳಿದ ಕಥೆಗಳೆಲ್ಲ ಊರು ಬಿಟ್ಟು ಹೊರಟವರವು. ಹೊರಡಲಾಗದವರ ಕಥೆ ನಮ್ಮ ಬತ್ತಳಿಕೆಯಲ್ಲಿ ಒಂದೂ ಇರಲಿಲ್ಲ.

ಹೊರಗಿನ ದೇಶಗಳಲ್ಲಿ ಏನಾಗಿದೆ ಎಂದು ಕೇಳುವವರಿಗೆ: ಇಂಗ್ಲೆಂಡಿನಲ್ಲಿ 2014ರ ಕಾನೂನು ಮನೆಯವರನ್ನು ನೋಡಿಕೊಳ್ಳುವ ಹದಿನೆಂಟರೊಳಗಿನ ಮಕ್ಕಳಿಗೆ ತಮ್ಮ ಅಗತ್ಯಗಳೇನೆಂದು ಸ್ಥಳೀಯ ಆಡಳಿತದಿಂದ ಪರಿಶೀಲನೆ ಮಾಡಿಸಿಕೊಳ್ಳುವ ಹಕ್ಕು ಕೊಟ್ಟಿತು. ನಮ್ಮಲ್ಲಿಯೂ ಕಾನೂನಿಗೆ ಈ ಮಾತು ಅಪರಿಚಿತವೇನಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆರೈಕೆ ಮಾಡುವವರೆಂದರೆ ಯಾರು ಎಂದು ವಿವರಿಸುವಾಗ, ಸಂಬಳ ಪಡೆದು ಮಾಡುವವರಷ್ಟೇ ಅಲ್ಲ, ಪಡೆಯದೆ ಮಾಡುವ ಮನೆಯವರೂ ಹೌದು ಎಂದು ಸ್ಪಷ್ಟವಾಗಿ ಹೇಳಿದೆ. ಕಾಯ್ದೆ ಗುರುತಿಸಿದ್ದನ್ನು ಕಾಲೇಜು ಗುರುತಿಸಬಾರದೇಕೆ? ನಾನು ನೋಡಿದ ಪ್ರವೇಶದ ಅರ್ಜಿಯಲ್ಲಿ ಜಾತಿ, ಆದಾಯ, ಆಟೋಟ, ಎನ್‌ಸಿಸಿ ಎಲ್ಲಕ್ಕೂ ಅಂಕಣವಿತ್ತು. ಇದಕ್ಕಿರಲಿಲ್ಲ.

ಪರಿಹಾರ ದೊಡ್ಡದೇನಲ್ಲ. ಆಟಕ್ಕೆ ಹೋದವರಿಗೆ, ಎನ್‌ಸಿಸಿ ಶಿಬಿರಕ್ಕೆ ಹೋದವರಿಗೆ ಹಾಜರಿ ಕೊಡುವ ಪದ್ಧತಿ ಹಿಂದಿನಿಂದಲೂ ಇದೆ. ತಂದೆಯ ಡಯಾಲಿಸಿಸ್ಸಿಗೆ ಹೋದ ದಿನವನ್ನು ಅದೇ ಸಾಲಿಗೆ ಸೇರಿಸಬಹುದು. ಹಾಜರಿ ಮನ್ನಾ ಮಾಡಲು ಸಾಮಾನ್ಯವಾಗಿ ಕೇಳುವುದು ವಿದ್ಯಾರ್ಥಿಯ ಸ್ವಂತ ಕಾಯಿಲೆಯ ವೈದ್ಯಕೀಯ ಪ್ರಮಾಣಪತ್ರ, ಅದಕ್ಕೆ ಮನೆಯವರ ಕಾಯಿಲೆಯನ್ನೂ ಸೇರಿಸಬೇಕು. “ಎಲ್ಲರೂ ಸುಳ್ಳು ಹೇಳಿಕೊಂಡು ಬರುತ್ತಾರೆ ಸಾರ್” ಎಂದು ಉಪನ್ಯಾಸಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ವಾದಿಸಿದ. ಅವನೇ ಎಂಟನೆಯ ತರಗತಿಯಲ್ಲಿ ಒಂದೇ ವರ್ಷ ಮೂರು ಸಲ ಅಜ್ಜಿಯನ್ನು ಸಾಯಿಸಿ ರಜೆ ಚೀಟಿ ಕೊಟ್ಟಿದ್ದವನು, ನೆನಪಿಸಿದೆ! ನಗೆಯ ಮಾತು ಹಾಗಿರಲಿ. ಪ್ರತಿ ಹಳ್ಳಿಯಲ್ಲಿಯೂ ಆಶಾ ಕಾರ್ಯಕರ್ತೆಯರಿದ್ದಾರೆ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ, ಯಾರು ನೋಡಿಕೊಳ್ಳುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಅವರ ಒಂದು ಸಾಲು, ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ಮೊಹರು ಸಾಲದೇ? ಹತ್ತರಲ್ಲಿ ಒಬ್ಬ ಸುಳ್ಳು ಹೇಳಿ ಪರೀಕ್ಷೆಗೆ ಕೂತರೆ ಆಗುವ ನಷ್ಟ ನನಗೆ ಕಾಣುತ್ತಿಲ್ಲ. ಒಬ್ಬಳು ನಿಜ ಹೇಳಿ ಹೊರಗೆ ಹೋದರೆ ಆಗುವ ನಷ್ಟವನ್ನು ಕೈವಾರದಲ್ಲಿ ಕಂಡಿದ್ದೇನೆ.

“ಅಷ್ಟು ಕಷ್ಟವಿದ್ದರೆ ದೂರಶಿಕ್ಷಣಕ್ಕೆ ಸೇರಲಿ” ಎನ್ನುವವರಿದ್ದಾರೆ. ನನ್ನ ಮೊಮ್ಮಗಳಿಗೂ ಯಾರೋ ಹೀಗೆ ಹೇಳಿದರಂತೆ. ನಾನು ಇದಕ್ಕೆ ಒಪ್ಪುವುದಿಲ್ಲ. ಅಂಥ ಮಕ್ಕಳಿಗೆ ಕಾಲೇಜಿನ ಆ ನಾಲ್ಕು ಗಂಟೆ ಪಾಠಕ್ಕಿಂತ ಹೆಚ್ಚಿನದು. ಆ ಹೊತ್ತಿನಲ್ಲಿ ಅವರನ್ನು ಯಾರೂ ಒಳಕೋಣೆಯಿಂದ ಕರೆಯುವುದಿಲ್ಲ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಪತ್ರಿಕೆಗಳಲ್ಲಿ ಏನೇನೋ ವಾದವಿವಾದ ನಡೆಯಿತು. ಮಧ್ಯಾಹ್ನ ಒಂದು ಸಲ ಮನೆಗೆ ಹೋಗಿ, ಅಜ್ಜಿಗೆ ಊಟ ಬಡಿಸಿ ಮತ್ತೆ ಕಾಲೇಜಿಗೆ ಬರಬೇಕಾದ ಹುಡುಗಿಗೆ ಅದು ಏನು ಎಂಬುದನ್ನು ಯಾರೂ ಬರೆದದ್ದು ನಾನು ಓದಲಿಲ್ಲ.

ತಿದ್ದಿದ ಪ್ರಶ್ನಾವಳಿಯನ್ನು ಮೊಮ್ಮಗಳು ಮತ್ತೆ ತುಂಬಿಸಿದಳು. ಈ ಸಲ ಎರಡು ಪುಟ ಹಿಡಿಯಿತು. ‘ಹಿಂದಿನ ಪರೀಕ್ಷೆಯ ದಿನ ಮನೆಯಲ್ಲಿ ಯಾರಿದ್ದರು?’ ಎಂಬಲ್ಲಿ “ತಾತ ಇದ್ದರು, ಆದರೆ ಅವರಿಗೆ ಅಜ್ಜಿಯನ್ನು ಎಬ್ಬಿಸಲು ಬರುವುದಿಲ್ಲ” ಎಂದು ಬರೆದಿದ್ದಳು. ಅವಳ ಹಾಜರಿ ಎಷ್ಟಿದೆ ಎಂದು ಅಂದೇ ಮೊದಲ ಸಲ ಕೇಳಿದೆ. ಶೇ. 68. ಎಪ್ಪತ್ತೊಂಬತ್ತರ ಗಣಿತದ ಮೇಷ್ಟರು ತಮ್ಮ ಮನೆಯ ಈ ಲೆಕ್ಕವನ್ನು ವರ್ಷವಿಡೀ ಮಾಡಿರಲಿಲ್ಲ.

ಮಾರನೆಯ ದಿನ ಅವಳ ಪ್ರಾಂಶುಪಾಲರಿಗೆ ಒಂದು ಪತ್ರ ಬರೆದು, ಆಸ್ಪತ್ರೆಯ ಕಾಗದಗಳ ಪ್ರತಿಗಳನ್ನು ಜೊತೆಗಿಟ್ಟು ನಾನೇ ಹೋಗಿ ಕೊಟ್ಟು ಬಂದೆ. ಅಂಥ ನೂರಾರು ಪತ್ರಗಳನ್ನು ಪಡೆದವನು ನಾನು, ಕೊಟ್ಟದ್ದು ಇದೇ ಮೊದಲು. ಉತ್ತರ ಇನ್ನೂ ಬಂದಿಲ್ಲ. ಫಿಸಿಯೋಥೆರಪಿಯ ಹುಡುಗ ಬಂದು, ರೋಗಿಯನ್ನು ಮಂಚದಿಂದ ಎಬ್ಬಿಸುವಾಗ ತೋಳು ಎಲ್ಲಿ ಹಾಕಬೇಕು, ಕಾಲು ಎಲ್ಲಿ ಊರಬೇಕು ಎಂದು ನನಗೆ ತೋರಿಸಿಕೊಟ್ಟಿದ್ದಾನೆ. ಎರಡು ವಾರದಿಂದ ಬೆಳಗಿನ ಪಾಳಿ ನನ್ನದು. ನನ್ನ ಹೆಂಡತಿ ಇನ್ನೂ ಭಯಪಡುತ್ತಾಳೆ.

ನಿಮ್ಮಲ್ಲಿ ಕೆಲವರು ಈ ನಾಲ್ಕು ಊರುಗಳ ಕಾಲೇಜುಗಳಲ್ಲಿಯೇ ಉಪನ್ಯಾಸಕರಾಗಿದ್ದೀರಿ. ಬರುವ ತಿಂಗಳು ಈ ಹುಡುಗಿಯರು ಕಾಗದದ ಕಟ್ಟು ಹಿಡಿದು ನಿಮ್ಮಲ್ಲಿಗೆ ಬರಬಹುದು. ಹಾಜರಿ ಕಡಿಮೆಯಿರುವವರ ಹೆಸರುಗಳನ್ನು ದಯವಿಟ್ಟು ತರಗತಿಯಲ್ಲಿ ಕೂಗಿ ಹೇಳಬೇಡಿ. ಆ ಮಕ್ಕಳಿಗೇ ಹೇಳಿಕಳಿಸಿ, ಒಪ್ಪಿದವರನ್ನು ಗ್ರಂಥಾಲಯದಲ್ಲೋ ಖಾಲಿ ಕೊಠಡಿಯಲ್ಲೋ ಕೂರಿಸಿ, ಮಾತಾಡಲು ಅರ್ಧ ಗಂಟೆ ಕೊಡಿ. ಮಧ್ಯಾಹ್ನ ಒಂದೂವರೆಯ ಮುಂಚೆ ಆದರೆ ಒಳ್ಳೆಯದು. ಆಮೇಲೆ ಅವರಿಗೆ ಬಸ್ಸಿದೆ.